ಬಿಲ್ಲುಗಾರನ ಎಡಗಣ್ಣು

ಕಳೆದ ಚಳಿಗಾಲದಲ್ಲಿ ನಾನು ಒಟ್ಟು ಮೂರು ಸಲ ಬಣ್ಣದ ನೀರು ಕುಡಿದೆ. ಬೇಕೆಂದು ಕುಡಿದದ್ದಲ್ಲ. ಎಡಗಡೆ ಚಹಾದ ಲೋಟ, ಬಲಗಡೆ ಕುಂಚ ತೊಳೆಯುವ ಲೋಟ ಇಟ್ಟುಕೊಂಡು, ಹಣೆಗೆ ಭೂತಗನ್ನಡಿಯ ಪಟ್ಟಿ ಕಟ್ಟಿಕೊಂಡು ಕೂತವನಿಗೆ ಎಡಬಲದ ಜ್ಞಾನ ಹೆಚ್ಚು ಹೊತ್ತು ಉಳಿಯುವುದಿಲ್ಲ. ಕಂದು ಬಣ್ಣ ತೊಳೆದ ನೀರು ನೋಡಲಿಕ್ಕೆ ಥೇಟ್ ನನ್ನ ಹೆಂಡತಿ ಮಾಡುವ ಚಹಾದ ಹಾಗೇ ಇರುತ್ತದೆ. ಈ ಮಾತನ್ನು ಅವಳೆದುರು ಒಂದೇ ಒಂದು ಸಲ ಆಡಿದೆ. ಅಂದಿನಿಂದ ನನ್ನ ಚಹಾ ನಾನೇ ಮಾಡಿಕೊಳ್ಳುತ್ತಿದ್ದೇನೆ. ಹಾಗಾಗಿ ಈಗ ಎರಡು ಲೋಟಗಳ ರುಚಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಬ್ಬ ಬಿಲ್ಲುಗಾರ. ಅವನ ಎತ್ತರ 28 ಮಿಲಿಮೀಟರು. ನಮ್ಮ ಹಳೆಯ ಲೆಕ್ಕದಲ್ಲಿ ಒಂದಂಗುಲ, ಅದರ ಮೇಲೊಂದು ಗೋಧಿಕಾಳು. ಈ ಗೊಂಬೆಗಳ ಲೋಕದಲ್ಲಿ ಎತ್ತರ ಅಳೆಯುವುದು ಪಾದದಿಂದ ನೆತ್ತಿಗಲ್ಲ, ಪಾದದಿಂದ ಕಣ್ಣಿಗೆ. ತಲೆಯ ಮೇಲೆ ಶಿರಸ್ತ್ರಾಣವೋ ಟೊಪ್ಪಿಗೆಯೋ ಕೂತಿದ್ದರೆ ನೆತ್ತಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲವಲ್ಲ. ಕಣ್ಣಿನವರೆಗೆ ಮಾತ್ರ ಮನುಷ್ಯ, ಅದರಾಚೆಯದು ಟೊಪ್ಪಿಗೆ ಇಡುವ ಜಾಗ ಎಂಬ ಈ ತತ್ತ್ವ ಮೊದಲು ನನಗೆ ತಮಾಷೆಯಾಗಿ ಕಂಡಿತ್ತು. ಅದೇ ಕಣ್ಣನ್ನು ಬರೆಯಲು ಕೂತ ಮೇಲೆ ತಮಾಷೆಯೆಲ್ಲ ಇಳಿದುಹೋಯಿತು.

ನಾವಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಸಾಗರದ ಕಡೆಯ ನೆಂಟರಿಗೆ ಊರಿನ ಹೆಸರು ನಾಲಿಗೆಗೆ ಹತ್ತುವುದಿಲ್ಲ. "ರಾಬಿನ್ ಹುಡ್ ಇದ್ದನಲ್ಲ, ಆ ಊರು" ಎಂದರೆ ಹತ್ತುತ್ತದೆ. ಇಲ್ಲಿಯ ಕೋಟೆಯ ಬುಡದಲ್ಲಿ ಅವನ ಕಂಚಿನ ಪ್ರತಿಮೆ 1952ರಿಂದ ಬಿಲ್ಲೆಳೆದು ನಿಂತಿದೆ. ಬಾಣ ಮಾತ್ರ ಆಗಾಗ ಕಳವಾಗುತ್ತದೆ. ಇದ್ದವರಿಂದ ಕಿತ್ತು ಇಲ್ಲದವರಿಗೆ ಹಂಚಿದವನ ಕೈಯಿಂದಲೇ ಕಿತ್ತುಕೊಂಡು ಹೋಗುವವರನ್ನು ಯಾವ ಬಾಯಲ್ಲಿ ಬೈಯುವುದೆಂದು ನಗರಸಭೆಯವರು ಹೊಸ ಬಾಣ ಹಾಕಿಸಿ ಸುಮ್ಮನಾಗುತ್ತಾರೆ ಎಂದು ನಾನು ಭಾವಿಸಿದ್ದೇನೆ.

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕೀರ್ತಿಯೂ ಈ ಊರಿಗಿದೆ. ಇದು ಪುಟ್ಟ ಯೋಧರ ರಾಜಧಾನಿ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಯ ಮುಖ್ಯ ಕಚೇರಿ ಈಗ ಇಲ್ಲಿದೆ. ಅದರ ಸುತ್ತ ಪುಟ್ಟ ಗೊಂಬೆ ಎರಕ ಹೊಯ್ಯುವ ಹತ್ತಾರು ಚಿಕ್ಕಪುಟ್ಟ ಕಂಪನಿಗಳು ಬೆಳೆದುಕೊಂಡಿವೆ. ಹಿಂದೆ ಈ ಗೊಂಬೆಗಳನ್ನು ಸೀಸದಲ್ಲಿ ಎರೆಯುತ್ತಿದ್ದುದರಿಂದ ಬಲ್ಲವರು ಈ ಕಡೆಯನ್ನು ಸೀಸದ ಸೀಮೆ ಎಂದೇ ಕರೆಯುತ್ತಾರೆ. ಅಡಿಕೆ ಸೀಮೆಯಿಂದ ಹೊರಟವನು ಸೀಸದ ಸೀಮೆಗೆ ಬಂದು ಬಿದ್ದೆ. 2024ರ ಡಿಸೆಂಬರಿನಲ್ಲಿ ಈ ಕಂಪನಿ ಲಂಡನ್ ಶೇರುಪೇಟೆಯ ಮೊದಲ ನೂರು ಕಂಪನಿಗಳ ಪಟ್ಟಿಗೆ ಸೇರಿತು. ಬ್ಯಾಂಕು, ಎಣ್ಣೆ, ಔಷಧಿಗಳ ಸಾಲಿನಲ್ಲಿ ಬಣ್ಣ ಹಚ್ಚದ ಪ್ಲಾಸ್ಟಿಕ್ ಗೊಂಬೆ! ಮಾರುವವನು ಬೂದು ಗೊಂಬೆ ಕೊಡುತ್ತಾನೆ, ಬಣ್ಣ ಹಚ್ಚುವ ಕೂಲಿಯನ್ನು ಕೊಂಡವನೇ ಮಾಡುತ್ತಾನೆ, ಬಣ್ಣಕ್ಕೂ ಕುಂಚಕ್ಕೂ ಮತ್ತೆ ದುಡ್ಡು ಕೊಡುತ್ತಾನೆ. ಕೇಳಿದ ಅಮ್ಮ, "ಮದುವೆಮನೆಯಲ್ಲಿ ಊಟದ ಎಲೆ ಹಾಕಿ, ಅಕ್ಕಿ ಬೇಳೆ ಬಡಿಸಿದ ಹಾಗಾಯ್ತು" ಎಂದಳು.

ನನ್ನ ಮಗನೂ ಹಾಗೆ ಎಲೆ ಮುಂದೆ ಕೂತವನೇ. ಹನ್ನೊಂದನೆಯ ವಯಸ್ಸಿಗೆ ಹತ್ತಿದ ಹುಚ್ಚು ಹದಿನೇಳಕ್ಕೆ ಇಳಿಯಿತು. ಅವನು ಓದಲು ಬೇರೆ ಊರಿಗೆ ಹೋದಾಗ ಕೋಣೆಯಲ್ಲಿ ಮೂರು ಪೆಟ್ಟಿಗೆ ಬೂದು ಸೈನಿಕರು ಉಳಿದರು. ಕೊಂಡು, ಬಣ್ಣ ಹಚ್ಚದೆ, ಕಣ್ಣಿಗೆ ಬಿದ್ದಾಗಲೆಲ್ಲ ಮುಖ ತಿರುಗಿಸುವಂತೆ ಮಾಡುವ ಇಂಥ ಗುಡ್ಡೆಗೆ ಈ ಹವ್ಯಾಸದವರು ಇಟ್ಟ ಹೆಸರು 'ನಾಚಿಕೆಯ ರಾಶಿ'. ನನಗೆ ಹೆಸರು ಬಹಳ ಹಿಡಿಸಿತು. ಓದದ ಪುಸ್ತಕ, ತೊಡದ ಅಂಗಿ, ಉತ್ತರ ಬರೆಯದ ಪತ್ರ, ಎಲ್ಲಕ್ಕೂ ಸಲ್ಲುವ ಹೆಸರು. ಮಗನಿಗೆ ಫೋನು ಮಾಡಿ, "ಇವನ್ನು ಏನು ಮಾಡಲಿ?" ಎಂದೆ. "ಮಾರಿಬಿಡು, ಇಲ್ಲದಿದ್ದರೆ ನೀನೇ ಬಣ್ಣ ಹಚ್ಚು" ಎಂದು ನಕ್ಕ. ಅವನು ನಕ್ಕ ರೀತಿ ನನಗೆ ಹಿಡಿಸಲಿಲ್ಲ. ಒಂದು ಪೆಟ್ಟಿಗೆ ಕೆಳಗಿಳಿಸಿದೆ.

ದೊಡ್ಡವರು ಆಟದ ಸೈನಿಕರ ಹಿಂದೆ ಬೀಳುವುದು ಹೊಸತೇನಲ್ಲ. ಜರ್ಮನಿಯ ನ್ಯೂರೆಂಬರ್ಗಿನವರು ಹದಿನೆಂಟನೆಯ ಶತಮಾನದಲ್ಲೇ ತವರದ ಚಪ್ಪಟೆ ಸೈನಿಕರನ್ನು ಮಾಡಿ ಮಾರುತ್ತಿದ್ದರು. 1893ರಲ್ಲಿ ವಿಲಿಯಂ ಬ್ರಿಟನ್ ಎಂಬ ಇಂಗ್ಲಿಷಿನವನು ಒಳಗೆ ಟೊಳ್ಳಾಗಿ ಎರೆಯುವ ಉಪಾಯ ಕಂಡುಹಿಡಿದ. ಸೀಸ ಉಳಿಯಿತು, ಬೆಲೆ ಇಳಿಯಿತು, ಮನೆಮನೆಗೆ ಸೈನ್ಯ ಬಂತು. ಎಚ್. ಜಿ. ವೆಲ್ಸ್ ಮಹಾಶಯ ನೆಲದ ಮೇಲೆ ಮಂಡಿಯೂರಿ, ಸ್ಪ್ರಿಂಗಿನ ಫಿರಂಗಿಯಿಂದ ಮರದ ಕಡ್ಡಿ ಹಾರಿಸಿ ಸೈನಿಕರನ್ನು ಉರುಳಿಸುವ ಆಟಕ್ಕೆ ನಿಯಮ ಬರೆದು 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನೇ ತಂದ. ದೊಡ್ಡ ಯುದ್ಧಕ್ಕಿಂತ ಈ ಚಿಕ್ಕ ಯುದ್ಧವೇ ಲೇಸು ಎಂಬುದು ಅವನ ವಾದ. ಮರುವರ್ಷವೇ ದೊಡ್ಡದು ಶುರುವಾಯಿತು. ಮಂಡಿಯೂರಬೇಕಾದವರು ಪುಸ್ತಕ ಓದಿರಲಿಲ್ಲವೆಂದು ಕಾಣುತ್ತದೆ.

ಚರ್ಚಿಲ್ಲನ ಕತೆ ನಮಗೆ ಇನ್ನೂ ಹತ್ತಿರದ್ದು. ಬಾಲಕನಾಗಿದ್ದಾಗ ಅವನ ಬಳಿ ಸುಮಾರು 1,500 ಆಟದ ಸೈನಿಕರಿದ್ದರಂತೆ. ಒಂದು ದಿನ ಅಪ್ಪ ಬಂದು, ವ್ಯೂಹ ಕಟ್ಟಿ ನಿಲ್ಲಿಸಿದ್ದನ್ನು ಬಹಳ ಹೊತ್ತು ನೋಡಿ, ಸೈನ್ಯಕ್ಕೆ ಸೇರುತ್ತೀಯಾ ಎಂದು ಕೇಳಿದರಂತೆ. ಹುಡುಗ ಹ್ಞೂಂ ಎಂದ. ತನ್ನಲ್ಲಿ ಸೇನಾಪತಿಯ ಕಳೆಯನ್ನು ಅಪ್ಪ ಗುರುತಿಸಿದರೆಂದು ಅವನು ವರ್ಷಗಟ್ಟಲೆ ಹಿಗ್ಗಿದ್ದ. ವಕೀಲಿಗೆ ಬೇಕಾದಷ್ಟು ಬುದ್ಧಿ ಇವನಿಗಿಲ್ಲವೆಂದು ಅಪ್ಪ ಲೆಕ್ಕ ಹಾಕಿದ್ದರೆಂಬುದು ಆಮೇಲೆ ತಿಳಿಯಿತೆಂದು ತಾನೇ ಬರೆದುಕೊಂಡಿದ್ದಾನೆ. ಹಾಗೆ ಸೈನ್ಯ ಸೇರಿದವನು 1896ರಲ್ಲಿ ಬೆಂಗಳೂರು ದಂಡಿಗೆ ಬಂದ. ಅಲ್ಲಿಯ ಕ್ಲಬ್ಬಿನ ಹಳೆಯ ದಪ್ತರದಲ್ಲಿ ಇವತ್ತಿಗೂ ಅವನ ಹೆಸರಿನಲ್ಲಿ 13 ರೂಪಾಯಿ ಬಾಕಿಯಿದೆ. ಆಟಿಕೆ ಹಿಡಿದವರ ಜಾತಕವೇ ಅಷ್ಟು. ನನ್ನ ಹೆಸರಿನಲ್ಲಿ ಬಾಕಿಯಿರುವುದು ಬಣ್ಣದ ಅಂಗಡಿಯಲ್ಲಿ.

ಸ್ಪರ್ಧೆಯ ಮಾತು ತೆಗೆದವರು ಪಕ್ಕದ ಬೀದಿಯ ಒಬ್ಬ ಹಿರಿಯರು. ನಿವೃತ್ತ ರೈಲ್ವೆ ನೌಕರರು, ಊರಿನ ಒಂದು ಗೊಂಬೆ ಸಂಘದ ಹಳೆಯ ಸದಸ್ಯರು. ಜೂನಿನಲ್ಲಿ ಸಂಘದ ವಾರ್ಷಿಕ ಸ್ಪರ್ಧೆ. ಹೊಸಬರಿಗೇ ಒಂದು ವಿಭಾಗವಿದೆ. ಪ್ರವೇಶ ಶುಲ್ಕ ಮೂರು ಪೌಂಡು. ನೀವೂ ಒಂದು ಗೊಂಬೆ ಇಡಿ ಎಂದರು. ನಾನು ನಯವಾಗಿ ನಿರಾಕರಿಸುವ ವಾಕ್ಯವನ್ನು ಜೋಡಿಸಿಕೊಳ್ಳುತ್ತಿರುವಷ್ಟರಲ್ಲಿ ಅವರು ನನ್ನ ಹೆಸರು ಬರೆದುಕೊಂಡಿದ್ದರು. ಬರೆದದ್ದು ತಪ್ಪಾಗಿತ್ತು. ಆದರೂ ಹೆಸರು ಹೆಸರೇ.

ನಿಜ ಹೇಳಬೇಕೆಂದರೆ ಒಳಗೊಳಗೆ ಆಸೆಯಿತ್ತು. ನಾನು ಮಾಡುವುದು ಕಂಪ್ಯೂಟರಿನ ಕೆಲಸ. ಮೂವತ್ತು ವರ್ಷದಲ್ಲಿ ನಾನು ಮಾಡಿದ್ದನ್ನು ಯಾರೂ ಕೈಯಲ್ಲಿ ಹಿಡಿದು ನೋಡಿಲ್ಲ. ಹಿಡಿಯಲಿಕ್ಕೆ ಅದು ಇರುವುದೂ ಇಲ್ಲ. ಕೆಟ್ಟಾಗ ಮಾತ್ರ ನನ್ನ ಕೆಲಸ ಜನರ ಕಣ್ಣಿಗೆ ಬೀಳುತ್ತದೆ. ಕೊನೆಯ ಸಲ ಒಬ್ಬರು ನನ್ನ ಕೈಯ ಕೆಲಸವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ದು ಏಳನೇ ತರಗತಿಯಲ್ಲಿ, ಕ್ರಾಫ್ಟ್ ಮೇಷ್ಟರು. ಅದೂ ನಾನು ಮಾಡಿದ ಕಡ್ಡಿಪೆಟ್ಟಿಗೆಯ ಬಂಡಿಯಲ್ಲಿ ಕಡ್ಡಿ ಉಳಿದಿದೆಯೇ ಎಂದು.

ಬಿಲ್ಲುಗಾರನನ್ನು ಆರಿಸಿಕೊಂಡದ್ದಕ್ಕೆ ರಾಬಿನ್ ಹುಡ್ ಒಂದು ಕಾರಣವಾದರೆ, ಸೋಮಾರಿತನ ಇನ್ನೊಂದು. ಮಗನ ಪೆಟ್ಟಿಗೆಯ ತುಂಬ ಕೋರೆಹಲ್ಲಿನ ರಾಕ್ಷಸರು, ಉಕ್ಕಿನೊಳಗೆ ಹೂತುಕೊಂಡ ಭವಿಷ್ಯದ ಸೈನಿಕರು. ಅವರೆಲ್ಲರ ಅಡಿಯಲ್ಲಿ, ಎಲ್ಲಿಂದಲೋ ಬಂದು ಸೇರಿದ್ದ, 1415ರ ಅಜಿನ್‌ಕೋರ್ ಯುದ್ಧದ ಕಾಲದ ಒಬ್ಬ ಸಾದಾ ಇಂಗ್ಲಿಷ್ ಬಿಲ್ಲುಗಾರ. ಬಿಲ್ಲುಗಾರನೆಂದರೆ ಗುರಿಯಿಡುವವನು, ಗುರಿಯಿಡುವವನು ಒಂದು ಕಣ್ಣು ಮುಚ್ಚಿರುತ್ತಾನೆ, ಬರೆಯಬೇಕಾದ್ದು ಒಂದೇ ಕಣ್ಣು ಎಂದು ನಾನು ಹಿಗ್ಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಮಹಾರಾಯ ಇನ್ನೂ ಬಾಣವನ್ನೇ ಹೂಡಿಲ್ಲ. ಸೊಂಟದಿಂದ ಒಂದು ಬಾಣ ಕೀಳುತ್ತ, ಎರಡೂ ಕಣ್ಣು ಅಗಲ ಬಿಟ್ಟುಕೊಂಡು, ಫ್ರೆಂಚರು ಎಷ್ಟು ಜನ ಬಂದಿದ್ದಾರೆಂದು ಎಣಿಸುತ್ತಿದ್ದ.

ಏಪ್ರಿಲಿನಲ್ಲಿ ಚಳಿ ಇಳಿದ ಮೇಲೆ ಅಮ್ಮ ಬಂದಳು, ಆರು ತಿಂಗಳ ವೀಸಾದ ಮೇಲೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಎರಡು ಕೆಜಿ ಮೆಂತ್ಯದ ಹಿಟ್ಟು. ಅಮ್ಮ ಪ್ರೈಮರಿ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿದವಳು. ಮಗನ ಮೇಜಿನ ಮೇಲಿನ ಸರಂಜಾಮು ನೋಡಿ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅವಳ ಶಿಕ್ಷೆಗಳಲ್ಲಿ ಎರಡನೆಯ ದರ್ಜೆಯದು. ಎರಡು ದಿನದ ಮೇಲೆ ಸೊಸೆಯನ್ನು ಕೇಳಿದಳಂತೆ, "ಇವನಿಗೆ ಆಫೀಸಿನಲ್ಲಿ ಎಲ್ಲ ಸರಿಯಾಗಿದೆಯೇನೇ?"

ಮೂರನೆಯ ದಿನ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಗೊಂಬೆಗೆ ಬಣ್ಣ ಹಚ್ಚುವುದೆಂದರೆ ಹಚ್ಚುವುದಲ್ಲ, ಹಂತ ಹಂತವಾಗಿ ಏರಿಸುವುದು. ಮೊದಲು ಬಣ್ಣ ಕಚ್ಚಿಕೊಳ್ಳಲೆಂದು ಕಪ್ಪೋ ಬೂದೋ ಒಂದು ಅಸ್ತರಿ ಸಿಂಪಡಿಸಬೇಕು. ಆಮೇಲೆ ಅಂಗಿಗೊಂದು, ಚರ್ಮಕ್ಕೊಂದು, ಬಿಲ್ಲಿಗೊಂದು ಮೂಲಬಣ್ಣ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಮೂಗು ಬಾಯಿಯ ಗೆರೆಯೆಲ್ಲ ಮುಚ್ಚಿ ಗೊಂಬೆ ಸೋಪಿನಂತಾಗುತ್ತದೆ. ಅದಕ್ಕೇ ಈ ಮತದವರ ಮೂಲಮಂತ್ರ: ತೆಳ್ಳಗೆ, ಎರಡು ಸಲ. "ಎಷ್ಟು ತೆಳ್ಳಗೆ?" ಅಂದಳು ಅಮ್ಮ. ಹಾಲಿನ ಹದಕ್ಕೆ ಎಂದು ಹೇಳುತ್ತಾರೆ ಎಂದೆ. "ಯಾವ ಹಾಲು? ಕೊಟ್ಟಿಗೆಯದೋ, ಪ್ಯಾಕೆಟ್ಟಿನದೋ?" ನಾನು ಓದಿದ ಯಾವ ಕೈಪಿಡಿಯೂ ಈ ಪ್ರಶ್ನೆಯನ್ನು ಎತ್ತಿರಲಿಲ್ಲ. ನನ್ನ ಬಣ್ಣ ಅದುವರೆಗೆ ಯಾಕೆ ಕೆನೆಗಟ್ಟುತ್ತಿತ್ತೆಂದು ಆಗ ಹೊಳೆಯಿತು.

ಬಣ್ಣ ಒಣಗದಿರಲೆಂದು ಒಂದು ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬೇಕಿಂಗ್ ಕಾಗದ ಹೊದಿಸಿ, ಕಾಗದದ ಮೇಲೆ ಬಣ್ಣ ಕಲಸಿಕೊಳ್ಳುವ ಪದ್ಧತಿಯಿದೆ. ಅದನ್ನೊಂದು ಮಹಾ ಶೋಧವೆಂಬಂತೆ ಅಮ್ಮನಿಗೆ ತೋರಿಸಿದೆ. "ವೀಳ್ಯದೆಲೆ ಒದ್ದೆ ಬಟ್ಟೆಯಲ್ಲಿ ಸುತ್ತಿಡೋದಿಲ್ವನೋ, ಹಾಗೆ" ಎಂದು ಮುಗಿಸಿಬಿಟ್ಟಳು.

ಕುಂಚದ ವಿಷಯದಲ್ಲಿ ಮಾತ್ರ ಸಣ್ಣ ರಾದ್ಧಾಂತವಾಯಿತು. ಒಳ್ಳೆಯ ಕುಂಚಕ್ಕೆ ಕೋಲಿನ್‌ಸ್ಕಿ ಎಂಬ ಸೈಬೀರಿಯದ ಕಡೆಯ, ನೋಡಲು ಮುಂಗುಸಿಯ ಹಾಗಿರುವ ಪ್ರಾಣಿಯ ಬಾಲದ ಕೂದಲು ಬೇಕು. 1866ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಜಲವರ್ಣಕ್ಕೆಂದು ವಿನ್ಸರ್ ಅಂಡ್ ನ್ಯೂಟನ್ ಕಂಪನಿಯಿಂದ ಅತ್ಯುತ್ತಮ ಕುಂಚ ಮಾಡಿಸಿದಳೆಂದೂ, ಅವಳಿಗೆ ಇಷ್ಟದ ಅಳತೆ ಏಳಾದ್ದರಿಂದ ಅದಕ್ಕೆ 'ಸೀರೀಸ್ 7' ಎಂಬ ಹೆಸರು ನಿಂತಿತೆಂದೂ ಹೇಳುತ್ತಾರೆ. ಹೊಸಬರು ಕಣ್ಣು ಬರೆಯಲು ಕೂದಲೆಳೆಯಷ್ಟು ಸಣ್ಣ ಕುಂಚ ಕೊಳ್ಳುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆ ಮುಟ್ಟುವ ಮೊದಲೇ ತುದಿ ಒಣಗುತ್ತದೆ. ಬಲ್ಲವರು ತುಸು ದೊಡ್ಡ ಕುಂಚವನ್ನೇ ಹಿಡಿಯುತ್ತಾರೆ. ಹೊಟ್ಟೆ ದೊಡ್ಡದಿರಬೇಕು, ತುದಿ ಚೂಪಿರಬೇಕು. ಆ ಚೂಪನ್ನು ತರುವ ಸುಲಭದ ದಾರಿಯೆಂದರೆ ಕುಂಚವನ್ನು ತುಟಿಗಳ ನಡುವೆ ಇಟ್ಟು ಎಳೆಯುವುದು. ಅಭ್ಯಾಸ ಒಳ್ಳೆಯದಲ್ಲವೆಂದು ಎಲ್ಲರೂ ಹೇಳುತ್ತಾರೆ, ಎಲ್ಲರೂ ಮಾಡುತ್ತಾರೆ. ನಾನೂ ಎಳೆದೆ. ಅಮ್ಮ ಕೇಳಿದಳು, "ಅದು ಯಾವುದರ ಕೂದಲು ಅಂದೆ?" ಅಂದಿನಿಂದ ನನ್ನ ಊಟದ ತಟ್ಟೆ ಸ್ವಲ್ಪ ದೂರಕ್ಕೆ ಸರಿಯಿತು.

ಆದರೆ ಬೆಳಕಿನ ವಿಚಾರ ಬಂದಾಗ ಅಮ್ಮನೇ ನನಗೆ ಗುರುವಾದಳು. ಅಂಗುಲದ ಗೊಂಬೆಯ ಮೇಲೆ ಬೀಳುವ ನಿಜವಾದ ಬೆಳಕು ಸಾಲುವುದಿಲ್ಲ. ಬಟ್ಟೆಯ ನೆರಿಗೆಯಲ್ಲಿ ನೆರಳೇ ಕಾಣುವುದಿಲ್ಲ, ಮೂಗಿನ ತುದಿ ಹೊಳೆಯುವುದೇ ಇಲ್ಲ. ಹಾಗಾಗಿ ನೆರಳನ್ನೂ ಬೆಳಕನ್ನೂ ಬಣ್ಣದಲ್ಲೇ ಬರೆಯಬೇಕು. ತೆಳು ಕಂದು ನೀರನ್ನು ಹರಿಬಿಟ್ಟರೆ ಅದು ತಗ್ಗುಗಳಲ್ಲಿ ತಂಗಿ ನೆರಳಾಗುತ್ತದೆ. ಉಬ್ಬಿದ ಅಂಚುಗಳಿಗೆ ತಿಳಿಬಣ್ಣದ ಗೆರೆ ಎಳೆದರೆ ಬೆಳಕಾಗುತ್ತದೆ. ನಾನು ಅಂಜಿ ಅಂಜಿ ಎಳೆದಿದ್ದೆ. ಕೈಯಲ್ಲಿ ಹಿಡಿದರೆ ಚೆನ್ನಾಗಿತ್ತು, ಒಂದು ಮಾರು ದೂರ ಇಟ್ಟರೆ ಕೆಸರಿನಲ್ಲಿ ಬಿದ್ದವನ ಹಾಗಿತ್ತು. ಅಮ್ಮ ಹೇಳಿದಳು: "ಚೌಕಿಯಲ್ಲಿ ಬಣ್ಣದ ವೇಷ ಕಟ್ಟೋದು ನೋಡಿದೀಯಲ್ಲ ಮಾರಾಯ. ಹತ್ತಿರದಿಂದ ನೋಡಿದರೆ ಹೆದರಿಕೆಯಾಗ್ತದೆ, ಮಕ್ಕಳು ಅಳ್ತಾವೆ. ಗದ್ದೆಯಾಚೆ ಕಂಬಳಿ ಹೊದ್ದು ಕೂತವನಿಗೆ ಅದೇ ಸರಿಯಾಗಿ ಕಾಣೋದು." ಯಕ್ಷಗಾನದ ಚೌಕಿಯಲ್ಲಿ ಅಕ್ಕಿಹಿಟ್ಟು ಸುಣ್ಣ ಕಲಸಿ ಗಂಟೆಗಟ್ಟಲೆ ಚುಟ್ಟಿ ಇಡುತ್ತಿದ್ದ ವೇಷಧಾರಿಗಳನ್ನು ಬಾಗಿಲ ಸಂದಿಯಿಂದ ಕದ್ದು ನೋಡಿದ್ದು ನೆನಪಾಯಿತು. ಕೆನ್ನೆಯ ಮೇಲಿನ ಆ ಅತಿರೇಕವೆಲ್ಲ ಅತಿರೇಕವಲ್ಲ, ದೂರದ ಲೆಕ್ಕ. ಅಂದು ರಾತ್ರಿ ಬಿಲ್ಲುಗಾರನಿಗೆ ಧೈರ್ಯವಾಗಿ ಬೆಳಕು ಕೊಟ್ಟೆ. ಒಂದು ಮಾರು ದೂರದಿಂದ ಅವನು ಮೊದಲ ಸಲ ನನ್ನತ್ತ ತಿರುಗಿ ನಿಂತಂತೆ ಕಂಡ.

ತಿರುಗಿ ನಿಂತನೇ ಹೊರತು ನೋಡಲಿಲ್ಲ. ಕಣ್ಣಿನ ಜಾಗದಲ್ಲಿ ಇನ್ನೂ ಎರಡು ಕಂದು ಗುಳಿಗಳಿದ್ದವು.

ಇಲ್ಲಿಯವರ ಶಾಸ್ತ್ರದ ಪ್ರಕಾರ ಕಣ್ಣನ್ನು ಮೊದಲು ಬರೆಯಬೇಕು. ಬಿಳಿ ಹಾಕಿ, ನಡುವೆ ಕಪ್ಪು ಚುಕ್ಕೆಯಿಟ್ಟು, ಕೈ ಜಾರಿ ಕೆನ್ನೆಯವರೆಗೆ ಹರಿದದ್ದನ್ನೆಲ್ಲ ಆಮೇಲೆ ಚರ್ಮದ ಬಣ್ಣದಿಂದ ಮುಚ್ಚಿ ಸರಿಮಾಡುವುದು. ಬಹಳ ಬುದ್ಧಿವಂತಿಕೆಯ ಕ್ರಮ. ಮುಖವೆನ್ನುವುದು ಕಣ್ಣಿನ ತಪ್ಪುಗಳನ್ನು ಮುಚ್ಚಲು ಇರುವ ಸಾಧನ. ನಾನು ಬೆಳೆದ ಶಾಸ್ತ್ರ ಬೇರೆ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಚೌತಿ ಬಂತೆಂದರೆ ಅವರ ಮನೆಗಳಲ್ಲಿ ಮಣ್ಣಿನ ಗಣಪತಿಗಳ ಸಾಲು. ಪೀಠವಾಯಿತು, ಹೊಟ್ಟೆಯಾಯಿತು, ಕಿರೀಟಕ್ಕೆ ಬಂಗಾರದ ಬಣ್ಣವಾಯಿತು, ಇಲಿಗೂ ಬಾಲ ಬಂತು; ಕಣ್ಣು ಮಾತ್ರ ಕಟ್ಟಕಡೆಗೆ. ನಾನು ಅಪ್ಪನ ಜೊತೆ ಮಣೆ ಹಿಡಿದುಕೊಂಡು ಗಣಪತಿ ತರಲು ಹೋದಾಗ ಆ ಮನೆಯ ಅಜ್ಜ ನಮ್ಮ ಗಣಪತಿಗೆ ಕಣ್ಣು ಬರೆಯುತ್ತಿದ್ದ. ಮಾತಾಡುತ್ತಿದ್ದವನು ಥಟ್ಟನೆ ಮಾತು ನಿಲ್ಲಿಸಿ, ಉಸಿರು ಹಿಡಿದು ಎರಡು ಗೆರೆ, ಎರಡು ಬೊಟ್ಟು. ಅಲ್ಲಿಯವರೆಗೆ ಮಣ್ಣಾಗಿದ್ದುದು ನನ್ನನ್ನು ನೋಡಿತು. ನಾನು ಅಪ್ಪನ ಹಿಂದೆ ಸರಿದಿದ್ದೆ. ದೇವಸ್ಥಾನದ ವಿಗ್ರಹಗಳಿಗಾದರೆ ಅದಕ್ಕೆ ನೇತ್ರೋನ್ಮೀಲನವೆಂಬ ಶಾಸ್ತ್ರವೇ ಇದೆ. ಬಿಟ್ಟ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ, ಹಸು ಮುಂತಾದ ಮಂಗಳವಸ್ತು ತೋರಿಸುತ್ತಾರೆ.

ನಾನು ಬಿಲ್ಲುಗಾರನಿಗೆ ಕಣ್ಣನ್ನು ಕೊನೆಗೇ ಇಟ್ಟುಕೊಂಡೆ. ಸಂಪ್ರದಾಯದ ಮೇಲಿನ ಭಕ್ತಿಯಿಂದ ಎಂದು ನೆರೆಯ ಹಿರಿಯರಿಗೆ ಹೇಳಿದೆ. ನಿಜವಾದ ಕಾರಣ ಹೆದರಿಕೆ. ಮುಂದೂಡಬಹುದಾದ್ದನ್ನು ಮುಂದೂಡಲು ಸಂಪ್ರದಾಯದಂಥ ಆಸರೆ ಇನ್ನೊಂದಿಲ್ಲ.

ಗೊಂಬೆಯ ಕಣ್ಣೆಂದರೆ ಎಷ್ಟಿರುತ್ತದೆ? ಸಾಸಿವೆಯನ್ನು ನಾಲ್ಕು ಪಾಲು ಮಾಡಿ ಒಂದನ್ನು ತೆಗೆದುಕೊಳ್ಳಿ. ಅದರೊಳಗೆ ಬಿಳಿ, ಬಿಳಿಯೊಳಗೆ ಕಪ್ಪು. ಮೊದಲ ಸಲ ಬರೆದಾಗ ಅವನು ದೆವ್ವ ಕಂಡವನ ಹಾಗೆ ಕಾಣಿಸಿದ. ಎರಡನೆಯ ಸಲ ನಿದ್ದೆಗೆಟ್ಟು ಬಸ್ಸಿನಿಂದ ಇಳಿದವನ ಹಾಗೆ. ಮೂರನೆಯ ಸಲ ಬಲಗಣ್ಣು ಅದ್ಭುತವಾಗಿ ಬಂತು. ನಾನು ಕುಂಚ ಕೆಳಗಿಟ್ಟು ಎದ್ದು ಎರಡು ಸುತ್ತು ಓಡಾಡಿ ಬಂದೆ. ಆ ಸಂಭ್ರಮದ ಕೈಯಲ್ಲಿ ಎಡಗಣ್ಣು ಬರೆದೆ. ಗುಡ್ಡೆ ಕೂದಲೆಳೆಯಷ್ಟು ಒಳಕ್ಕೆ, ಮೂಗಿನ ಕಡೆಗೆ, ಕೂತುಬಿಟ್ಟಿತು. ಫ್ರೆಂಚರನ್ನು ಎಣಿಸುತ್ತಿದ್ದವನು ಈಗ ತನ್ನ ಮೂಗಿನ ಮೇಲೆ ಕೂತ ನೊಣವನ್ನೂ ಜೊತೆಗೇ ಎಣಿಸುತ್ತಿದ್ದ. ಅಳಿಸಿ ಬರೆದೆ, ಮತ್ತೆ ಅಳಿಸಿ ಬರೆದೆ. ಬಣ್ಣ ಪದರಗಟ್ಟಿ ರೆಪ್ಪೆ ಊದಲಾರಂಭಿಸಿತು. ಹೆಂಡತಿ ಬಂದು ಬಗ್ಗಿ ನೋಡಿ, "ರೀ, ಮೆಳ್ಳೆಗಣ್ಣು ಅದೃಷ್ಟ ಅಂತಾರೆ, ಬಿಟ್ಟುಬಿಡಿ, ಊಟಕ್ಕೆ ಬನ್ನಿ" ಎಂದಳು. ದ್ರೋಣಾಚಾರ್ಯರು ಏನು ಕಾಣುತ್ತದೆಂದು ಕೇಳಿದಾಗ ಹಕ್ಕಿಯ ಕಣ್ಣೊಂದೇ ಎಂದು ಅರ್ಜುನ ಹೇಳಿದನಲ್ಲ. ಆ ಕಣ್ಣು ಸರಿಯಾಗಿತ್ತೋ ಮೆಳ್ಳೆಯಾಗಿತ್ತೋ ಎಂದು ಯಾರೂ ಕೇಳಲಿಲ್ಲ. ನನಗೆ ಆ ವಾರವೆಲ್ಲ ಕಂಡದ್ದು ಆ ಎಡಗಣ್ಣು ಮಾತ್ರ.

ಸ್ಪರ್ಧೆಯ ಮುನ್ನಾದಿನ ರಾತ್ರಿ ಬಿಲ್ಲುಗಾರನ ಕಾಲಬುಡಕ್ಕೆ ಮರಳು ಅಂಟಿಸಿ, ನಾಲ್ಕು ಎಳೆ ಹುಲ್ಲು ನೆಟ್ಟು, ಮಲಗಲು ಹೋದೆ. ಬೆಳಗ್ಗೆ ಎದ್ದು ನೋಡಿದರೆ ಅವನ ಎಡಗಿವಿಯ ಕೆಳಗೆ ಒಂದು ಕಪ್ಪು ಚುಕ್ಕೆ. ಅಮ್ಮ ಕಾಫಿ ಹೀರುತ್ತ ಶಾಂತವಾಗಿ ಹೇಳಿದಳು, "ಅಷ್ಟು ಜನ ನೋಡ್ತಾರೆ ಅಂದೆಯಲ್ಲ. ದೃಷ್ಟಿಯಾಗಬಾರದು ಅಂತ ಬೊಟ್ಟು ಇಟ್ಟೆ. ಕಾಡಿಗೆಯೇ, ಕಡ್ಡಿಯ ತುದಿಯಲ್ಲಿ." ಎಂಬತ್ತರ ಹತ್ತಿರದ ಕೈ, ಭೂತಗನ್ನಡಿಯಿಲ್ಲದೆ, ಬೆಂಕಿಕಡ್ಡಿಯ ತುದಿಯಿಂದ ಇಟ್ಟ ಆ ಚುಕ್ಕೆ ನಾನು ಮೂರು ತಿಂಗಳಲ್ಲಿ ಇಟ್ಟ ಯಾವ ಚುಕ್ಕೆಗಿಂತಲೂ ದುಂಡಗಿತ್ತು. ಮುಚ್ಚೋಣವೆಂದರೆ ಚರ್ಮದ ಬಣ್ಣ ಒಣಗಲು ಹೊತ್ತಿಲ್ಲ, ಅಮ್ಮ ಎದುರಿಗೇ ಕೂತಿದ್ದಾಳೆ. ಹಾಗೆಯೇ ಬಿಟ್ಟೆ.

ಗೊಂಬೆಗಳನ್ನು ಒಯ್ಯಲು ಫೋಮಿನ ಮೆತ್ತೆಯಿರುವ ಪೆಟ್ಟಿಗೆಗಳು ಸಿಗುತ್ತವೆ. ಒಂದು ಗೊಂಬೆಗೆ ಅಷ್ಟು ದೊಡ್ಡ ಪಲ್ಲಕ್ಕಿ ಯಾಕೆಂದು ಮೆಂತ್ಯದ ಹಿಟ್ಟು ಖಾಲಿಯಾದ ಸ್ಟೀಲ್ ಡಬ್ಬಿಯ ತಳಕ್ಕೆ ಅಂಟಿನಿಂದ ಕೂರಿಸಿ, ಟ್ರಾಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಉದ್ದನೆಯ ಮೇಜುಗಳು, ಬಿಳಿ ಬಟ್ಟೆ, ಚೀಟಿಗಳು. ನಾನು ಡಬ್ಬಿ ತೆರೆದಾಗ ಸುತ್ತಲಿನ ನಾಲ್ಕೈದು ಮೂಗುಗಳು ಒಮ್ಮೆಗೇ ಮೇಲೆದ್ದವು. ಒಬ್ಬರು, ಇದು ಯಾವ ಕಂಪನಿಯ ವಾರ್ನಿಷು ಎಂದು ಕೇಳಿದರು.

ಅನುಭವಿಗಳ ಮೇಜಿನ ಎದುರು ನಾನು ಬಹಳ ಹೊತ್ತು ನಿಂತೆ. ಒಬ್ಬರ ವೃದ್ಧ ಮಾಂತ್ರಿಕನ ಮುಖಕ್ಕೆ ಕೈಯಲ್ಲಿದ್ದ ಹಣತೆಯ ಬೆಳಕು ಬಡಿಯುತ್ತಿತ್ತು. ಹಣತೆಯೂ ಬಣ್ಣ, ಬೆಳಕೂ ಬಣ್ಣ. ಇನ್ನೊಬ್ಬರ ಕತ್ತಿಯಲ್ಲಿ ಲೋಹದ ಬಣ್ಣ ಒಂದು ಹನಿಯೂ ಇರಲಿಲ್ಲ. ಬೂದು, ನೀಲಿ, ಬಿಳಿಯಲ್ಲೇ ಉಕ್ಕು ಫಳಫಳಿಸುತ್ತಿತ್ತು. ಮಾಡಿದವರು ಪಕ್ಕದಲ್ಲೇ ನಿಂತು, ಕೇಳಿದವರಿಗೆಲ್ಲ ಬಣ್ಣದ ಲೆಕ್ಕವನ್ನು ಬಿಚ್ಚಿ ಹೇಳುತ್ತಿದ್ದರು. ಗುಟ್ಟು ಕಾಯುವವರು ಒಬ್ಬರೂ ಇರಲಿಲ್ಲ. ಇವರಲ್ಲಿ ಕೆಲವರು 'ಗೋಲ್ಡನ್ ಡೀಮನ್' ಎಂಬ ದೊಡ್ಡ ಸ್ಪರ್ಧೆಗೂ ಹೋಗಿಬಂದವರು. 1987ರಿಂದ ನಡೆಯುತ್ತ ಬಂದಿರುವ ಆ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮೇಲಾದವರಿಗೆ 'ಸ್ಲೇಯರ್ ಸ್ವೋರ್ಡ್' ಎಂಬ ನಿಜವಾದ ಖಡ್ಗವನ್ನೇ ಕೊಡುತ್ತಾರೆ. ಅಂಗುಲದ ಕತ್ತಿ ಬರೆದವನಿಗೆ ಆಳುದ್ದದ ಕತ್ತಿ. ಮನೆಗೆ ಒಯ್ಯುವಾಗ ಪೊಲೀಸರಿಗೆ ಏನು ಹೇಳುತ್ತಾರೋ.

ಕೆಲವು ಕಡೆ ಇನ್ನೊಂದು ಪದ್ಧತಿಯೂ ಉಂಟಂತೆ. ಅಲ್ಲಿ ಒಬ್ಬರೊಡನೆ ಒಬ್ಬರನ್ನು ಹೋಲಿಸುವುದಿಲ್ಲ. ಕೆಲಸ ಚಿನ್ನದ ಮಟ್ಟಕ್ಕಿದ್ದರೆ ಚಿನ್ನ, ಬೆಳ್ಳಿಯ ಮಟ್ಟಕ್ಕಿದ್ದರೆ ಬೆಳ್ಳಿ. ಹತ್ತು ಜನ ಮುಟ್ಟಿದರೆ ಹತ್ತು ಚಿನ್ನ; ಯಾರೂ ಮುಟ್ಟದಿದ್ದರೆ ಒಂದೂ ಇಲ್ಲ. ಓಟದ ಪಂದ್ಯವಲ್ಲ, ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮ ಸಂಘದ್ದು ಹಳೆಯ ಕ್ರಮ: ಮೊದಲನೆಯದು, ಎರಡನೆಯದು, ಮೂರನೆಯದು. ನನ್ನ ಪುಣ್ಯ. ಯಾಕೆಂದರೆ ಹೊಸಬರ ವಿಭಾಗದಲ್ಲಿ ನಾವು ಇದ್ದದ್ದೇ ಮೂವರು. ನಾನು, ಒಬ್ಬ ಶಾಲಾ ಹುಡುಗಿ, ಮತ್ತೊಬ್ಬ ಯುವಕ. ಆ ಯುವಕನ ಡ್ರ್ಯಾಗನ್ನು ಕಾರಿನ ಸೀಟಿನಿಂದ ಉರುಳಿ ಎರಡೂ ರೆಕ್ಕೆ ಮುರಿದುಕೊಂಡು ಸ್ಪರ್ಧೆಯಿಂದ ಹಿಂದೆ ಸರಿಯಿತು. ನಾನು ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದೆ. ಆ ಕೈಯಲ್ಲಿ ಪೂರ್ತಿ ಪ್ರಾಮಾಣಿಕತೆಯಿತ್ತೆಂದು ಪ್ರಮಾಣ ಮಾಡಲಾರೆ.

ತೀರ್ಪುಗಾರರು ಬಂದರು. ಎತ್ತರದ, ಮೃದು ಮಾತಿನ ಮನುಷ್ಯ. ಕೈಯಲ್ಲಿ ಪುಟ್ಟ ಟಾರ್ಚು. ಬಿಲ್ಲುಗಾರನ ಕಾಲಬುಡ ಹಿಡಿದು ಎತ್ತಿದರು. ಬೆನ್ನಿಗೆ ಬೆಳಕು ಬಿಟ್ಟರು, ಕಂಕುಳಿಗೆ ಬಿಟ್ಟರು, ಬತ್ತಳಿಕೆಯ ಒಳಗೆ ಬಿಟ್ಟರು. ನಾನು ಉಸಿರು ಹಿಡಿದು ನಿಂತಿದ್ದೆ. ಟಾರ್ಚು ಮುಖದ ಕಡೆ ಏರಿತು. ಬಲಗೆನ್ನೆ, ಬಲಗಣ್ಣು, ಮೂಗು... ಎಡಗಣ್ಣಿಗೆ ಇನ್ನೇನು ಬರಬೇಕು, ಬೆಳಕು ಜಾರಿ ಕಿವಿಯ ಕೆಳಗೆ ಹೋಗಿ ನಿಂತಿತು. ನಿಂತೇ ಇತ್ತು. ಅವರು ಕನ್ನಡಕ ಹಣೆಗೇರಿಸಿ ಇನ್ನಷ್ಟು ಹತ್ತಿರ ಹಿಡಿದರು. ಒಟ್ಟಾರೆ ಅಚ್ಚುಕಟ್ಟಾದ ಕೆಲಸ, ಬೆಳಕು ಧೈರ್ಯವಾಗಿ ಬಂದಿದೆ, ಇಲ್ಲೊಂದು ಕಡೆ ಮಾತ್ರ ಕುಂಚ ಜಾರಿ ಕಪ್ಪು ತಾಗಿದೆ, ಇಡುವ ಮೊದಲು ಒಂದು ಸಲ ಟಾರ್ಚು ಹಾಕಿ ನೋಡಿಕೊಂಡಿದ್ದರೆ ಸಿಗುತ್ತಿತ್ತು ಎಂದರು. ನಾನು ತಲೆಯಾಡಿಸಿದೆ. ನನ್ನ ತಾಯಿ ಇಟ್ಟದ್ದು ಎಂದು ಹೇಳಬಹುದಿತ್ತು. ಹೊರಗಿನವರ ಸಹಾಯ ಪಡೆಯಬಾರದೆಂದು ನಿಯಮಾವಳಿಯಲ್ಲಿತ್ತು.

ಹುಡುಗಿಗೆ 1ನೇ ಬಹುಮಾನ, ನನಗೆ 2ನೆಯದು. ಅವಳ ಕಪ್ಪೆ ರಾಜಕುಮಾರನ ಎರಡೂ ಕಣ್ಣು ನೇರವಾಗಿದ್ದವು. ಹೊರಗೆ ಬಂದವನೇ ಮಗನಿಗೆ ಫೋನು ಮಾಡಿದೆ, ಊರಿನಲ್ಲಿರುವ ತಮ್ಮನಿಗೆ ಮಾಡಿದೆ, ಬೆಂಗಳೂರಿನ ಭಾವನಿಗೆ ಮಾಡಿದೆ. "ಇಂಗ್ಲೆಂಡಿನಲ್ಲಿ ಎರಡನೇ ಬಹುಮಾನ!" ಎಂದು ಎಲ್ಲರೂ ಬೆರಗಾದರು. ಒಬ್ಬರೂ ಮುಂದಿನ ಪ್ರಶ್ನೆ ಕೇಳಲಿಲ್ಲ. ದೂರದ ಲೆಕ್ಕವೆಂದರೆ ಇದೇ ಇರಬೇಕು.

ಮನೆಗೆ ಬಂದೆ. ಅಮ್ಮ ಪ್ರಮಾಣಪತ್ರವನ್ನು ಓದಿ, ಮಡಿಸಿ, ಕನ್ನಡಕದ ಮೇಲಿಂದ ನೋಡಿದಳು. "ಎಷ್ಟು ಜನ ಇದ್ದರು?"

ಮೂವತ್ತಾರು ವರ್ಷ ಹಾಜರಿ ಕೂಗಿದವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಇಬ್ಬರು ಎಂದೆ. ಅವಳು ನಗಲಿಲ್ಲ. "ತೀರ್ಪಿನವನು ಏನಂದ?" ಎಂದಳು. ಟಾರ್ಚು ಹೇಗೆ ನೇರ ಅವಳ ಬೊಟ್ಟಿನ ಮೇಲೆ ಹೋಗಿ ನಿಂತಿತು, ಅದನ್ನು ಕುಂಚ ಜಾರಿದ್ದೆಂದು ಅವರು ಹೇಗೆ ತಿಳಿದರು, ಇದ್ದ ಒಂದೇ ತಪ್ಪು ಅದೇ ಎಂದು ಹೇಗೆ ಹೇಳಿದರು ಎಂದು ಸ್ವಲ್ಪ ಆಕ್ಷೇಪಣೆಯ ದನಿಯಲ್ಲೇ ವರದಿ ಮಾಡಿದೆ.

"ಮತ್ತೆ ಆ ಎಡಗಣ್ಣು?"

"ಎಡಗಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ."

ಅಮ್ಮ ಎದ್ದು ಒಲೆಯ ಕಡೆ ಹೊರಟಳು. "ಮತ್ತೆ ಬೊಟ್ಟು ಇಡೋದು ಯಾಕೆ ಅಂದ್ಕೊಂಡಿದ್ದೆ?" ಎಂದಳು. "ಆ ಡಬ್ಬಿ ತೊಳೆದಿಡು. ಮೆಂತ್ಯದ ಹಿಟ್ಟು ತುಂಬಬೇಕು."